ಗಗನಮಾರ್ಗದ ನುಡಿಗಟ್ಟು

ಮೊದಲನೆಯ ಮಹಾಯುದ್ಧ ಮುಗಿದಿತ್ತು. ಸೇನೆಗೆಂದು ಕಟ್ಟಿದ ವಿಮಾನಗಳಿಗೂ ಅವನ್ನು ಹಾರಿಸಿ ಪಳಗಿದ ತರುಣರಿಗೂ ಹೊಸ ಕೆಲಸ ಬೇಕಿತ್ತು. ಲಂಡನ್ನಿನ ದಕ್ಷಿಣ ಅಂಚಿನ ಕ್ರಾಯ್ಡನ್ ನಿಲ್ದಾಣದಿಂದ ಪ್ಯಾರಿಸ್ಸಿನ ಲೆ ಬೂರ್ಜೆಗೆ ಅಂಚೆ ಚೀಲಗಳನ್ನೂ ಬೆರಳೆಣಿಕೆಯ ಪ್ರಯಾಣಿಕರನ್ನೂ ಹೊತ್ತು ವಿಮಾನಗಳು ಹಾರತೊಡಗಿದವು. ಮೋಡ ಇಳಿದ ದಿನಗಳಲ್ಲಿ ಪೈಲಟ್‌ಗಳು ನೆಲಕ್ಕೆ ಸಮೀಪವಾಗಿ ಹಾರಿ, ಕೆಳಗಿನ ಹೆದ್ದಾರಿಯನ್ನೇ ನೋಡಿಕೊಂಡು ದಾರಿ ಹಿಡಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ಮಂಜು ಕವಿದು ತುಂತುರು ಹನಿಯುತ್ತಿತ್ತು. ಕ್ರಾಯ್ಡನ್‌ನಿಂದ ಹೊರಟಿದ್ದ ಇಂಗ್ಲಿಷರ ಅಂಚೆ ವಿಮಾನ, ಪ್ಯಾರಿಸ್ಸಿನಿಂದ ಹೊರಟಿದ್ದ ಫ್ರೆಂಚರ ಪ್ರಯಾಣಿಕ ವಿಮಾನ, ಎರಡೂ ಒಂದೇ ರಸ್ತೆಯ ಜಾಡು ಹಿಡಿದು ಎದುರುಬದುರಾಗಿ ಬಂದವು. ಒಂದರ ಸುಳಿವು ಇನ್ನೊಂದಕ್ಕೆ ಸಿಕ್ಕಿದ್ದು ಡಿಕ್ಕಿಯ ಕ್ಷಣದಲ್ಲೇ. ಸತ್ತವರು 7 ಜನ. ಪ್ರಯಾಣಿಕ ವಿಮಾನಗಳು ನಡುಗಗನದಲ್ಲಿ ಡಿಕ್ಕಿಯಾದ ಮೊದಲ ದುರಂತವಿದು. ದಾರಿಯ ಬಲಬದಿಗೆ ಸರಿದು ಹಾರಬೇಕೆಂಬ ಕಟ್ಟಳೆ ಅದರ ಬೆನ್ನಿಗೇ ಹುಟ್ಟಿತು.

ಕ್ರಾಯ್ಡನ್‌ನ ಗೋಪುರದಲ್ಲಿ ಆಗ ಫ್ರೆಡೆರಿಕ್ ಸ್ಟಾನ್ಲಿ ಮಾಕ್‌ಫರ್ಡ್ ಎಂಬ ಹಿರಿಯ ರೇಡಿಯೊ ಅಧಿಕಾರಿ ಇದ್ದರು. ಆಪತ್ತಿನಲ್ಲಿರುವ ಪೈಲಟ್ ಒಂದೇ ಮಾತಿನಲ್ಲಿ ತನ್ನ ಸ್ಥಿತಿಯನ್ನು ತಿಳಿಸುವಂತಾಗಬೇಕು, ಆ ಮಾತು ಎರಡೂ ದಡದವರಿಗೆ ಅರ್ಥವಾಗಬೇಕು ಎಂಬ ಹೊಣೆ ಅವರ ಮೇಲೆ ಬಿತ್ತು. ತಂತಿಯಲ್ಲಿ ಕುಟ್ಟುವ ಎಸ್‌ಒಎಸ್ ಬಾಯಿಮಾತಿಗೆ ಒಗ್ಗುವಂಥದಲ್ಲ. ಗರಗರ ಸದ್ದಿನ ನಡುವೆ ‘ಎಸ್’ ಅಕ್ಷರ ಕಿವಿಗೆ ನಿಲುಕುವುದಿಲ್ಲ. ವಿಮಾನಗಳ ಓಡಾಟವೆಲ್ಲ ಹೆಚ್ಚಾಗಿ ಪ್ಯಾರಿಸ್ಸಿನೊಡನೆ ಇದ್ದುದರಿಂದ, ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನ ಉಚ್ಚಾರಣೆಯನ್ನೇ ಇಂಗ್ಲಿಷರ ನಾಲಗೆಗೆ ಹೊಂದಿಸಿ ಅವರು ‘ಮೇಡೇ’ ಎಂದರು. 1927ರಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ರೇಡಿಯೊ ಒಪ್ಪಂದ ಅದನ್ನು ಲೋಕಕ್ಕೆಲ್ಲ ಅನ್ವಯಿಸಿತು. ಎರಡು ನಾಡುಗಳ ನಡುವಿನ ಅಗತ್ಯವನ್ನು ಅರಿತು, ಎದುರಿನವನ ಕಿವಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಮಾತದು. ವಾಯು ಸಂಚಾರ ನಿಯಂತ್ರಣದ ಇತಿಹಾಸದಲ್ಲಿ ಮುಂದೆ ಆದ ಒಳ್ಳೆಯ ಕೆಲಸಗಳೆಲ್ಲ ಈ ಜಾಡಿನವೇ ಎಂಬುದು ನನ್ನ ದೃಢವಾದ ಎಣಿಕೆ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇನ್ನೂ ಬಾವುಟಗಳ ಕಾಲ. ಸೇಂಟ್ ಲೂಯಿಯ ಮೈದಾನದಲ್ಲಿ 1929ರಲ್ಲಿ ಆರ್ಚಿ ಲೀಗ್ ಎಂಬಾತ ಒಂದು ಕೈಗಾಡಿಯಲ್ಲಿ ಕುರ್ಚಿ, ದೊಡ್ಡ ಕೊಡೆ, ಟಿಪ್ಪಣಿ ಪುಸ್ತಕ, ಬುತ್ತಿ, ಕುಡಿಯುವ ನೀರು ಇಟ್ಟುಕೊಂಡು ರನ್‌ವೇಯ ಅಂಚಿಗೆ ತಳ್ಳಿಕೊಂಡು ಹೋಗುತ್ತಿದ್ದ. ಕೆಂಪು ಬಾವುಟ ಎತ್ತಿದರೆ ನಿಲ್ಲು, ಚೌಕುಳಿ ಬಾವುಟ ಎತ್ತಿದರೆ ಹೊರಡು. ಮರುವರ್ಷ ಕ್ಲೀವ್‌ಲ್ಯಾಂಡ್‌ನ ಗೋಪುರಕ್ಕೆ ರೇಡಿಯೊ ಬಂತು. 1935ರ ಡಿಸೆಂಬರ್‌ನಲ್ಲಿ ವಿಮಾನ ಕಂಪನಿಗಳೇ ಕೂಡಿ ನೆವಾರ್ಕ್‌ನಲ್ಲಿ ಮಾರ್ಗ ನಿಯಂತ್ರಣ ಕೇಂದ್ರವೊಂದನ್ನು ತೆರೆದವು. ಅಲ್ಲಿ ಕೂತವರಿಗೆ ಕರಿಹಲಗೆ, ನಕ್ಷೆ, ನಕ್ಷೆಯ ಮೇಲೆ ಸರಿಸುವ ಪುಟ್ಟ ಬಿಲ್ಲೆಗಳು ಇದ್ದವು; ಪೈಲಟ್‌ನೊಡನೆ ನೇರ ಮಾತು ಮಾತ್ರ ಇರಲಿಲ್ಲ. ನಿಯಂತ್ರಕ ಟೆಲಿಫೋನಿನಲ್ಲಿ ಕಂಪನಿಯವನಿಗೆ ಹೇಳಬೇಕು, ಆತ ರೇಡಿಯೊದಲ್ಲಿ ಪೈಲಟ್‌ಗೆ ಹೇಳಬೇಕು, ಉತ್ತರ ಅದೇ ದಾರಿಯಲ್ಲಿ ಹಿಂತಿರುಗಬೇಕು. ನಡುವಿನ ಬಾಯಿ ತಪ್ಪಿ ನುಡಿದರೂ ಮೂಲದಲ್ಲಿ ಹೇಳಿದವನಿಗೆ ಅದು ತಿಳಿಯುವಂತಿರಲಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1944ರ ಡಿಸೆಂಬರ್ 7ರಂದು, ಶಿಕಾಗೊದಲ್ಲಿ 52 ರಾಷ್ಟ್ರಗಳು ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಫಲವಾಗಿ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಮಾಂಟ್ರಿಯಲ್‌ನಲ್ಲಿ ನೆಲೆಯೂರಿತು. ದೇಶದೇಶಗಳ ನಡುವಿನ ಹಾರಾಟಕ್ಕೆ ರೇಡಿಯೊ ಭಾಷೆಯಾಗಿ ಇಂಗ್ಲಿಷನ್ನು ಅದು 1951ರಲ್ಲಿ ಶಿಫಾರಸು ಮಾಡಿತು. ಅದಕ್ಕಿಂತ ಕಷ್ಟದ ಕೆಲಸ ಅಕ್ಷರಗಳದು. ಬಿ, ಡಿ, ಇ, ಪಿ, ಟಿ ಎಂಬುವೆಲ್ಲ ಸದ್ದಿನ ನಡುವೆ ಒಂದೇ ಆಗಿ ಕೇಳುತ್ತವೆ. ಆದ್ದರಿಂದ ಅಕ್ಷರಕ್ಕೊಂದು ಪದ ಬೇಕು, ಮತ್ತು ಆ ಪದ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತನಾಡುವವರ ಬಾಯಿಗೂ ಕಿವಿಗೂ ಸಮನಾಗಿ ದಕ್ಕಬೇಕು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾಶಾಸ್ತ್ರಜ್ಞ ಜ್ಯಾನ್ ಪೋಲ್ ವಿನೇ ಈ ಕೆಲಸದಲ್ಲಿ ಕೈಜೋಡಿಸಿದರು. 1951ರಲ್ಲಿ ಬಂದ ಮೊದಲ ಪಟ್ಟಿಯಲ್ಲಿ ಸಿ ಅಂದರೆ ‘ಕೋಕಾ’, ಎಂ ಅಂದರೆ ‘ಮೆಟ್ರೊ’, ಎನ್ ಅಂದರೆ ‘ನೆಕ್ಟರ್’, ಯು ಅಂದರೆ ‘ಯೂನಿಯನ್’, ಎಕ್ಸ್ ಅಂದರೆ ‘ಎಕ್ಸ್‌ಟ್ರಾ’. ಬಳಕೆಗೆ ಬಿಟ್ಟ ಮೇಲೆ ತೊಡಕು ಕಂಡಿತು. ‘ಡೆಲ್ಟಾ’ ಎಂದರೆ ‘ಎಕ್ಸ್‌ಟ್ರಾ’ ಎಂದು ಕೇಳುತ್ತಿತ್ತು. ‘ನೆಕ್ಟರ್’ ಎಂದರೆ ‘ವಿಕ್ಟರ್’ ಆಗುತ್ತಿತ್ತು. ಸಂಸ್ಥೆ ಹಟ ಹಿಡಿಯಲಿಲ್ಲ. 31 ರಾಷ್ಟ್ರೀಯತೆಗಳ ಜನರನ್ನು ಕೂರಿಸಿ ಪದಗಳನ್ನು ಹೇಳಿಸಿ, ಕೇಳಿಸಿ, ತಪ್ಪು ಎಲ್ಲಿ ಬೀಳುತ್ತದೆಂದು ನೋಡಿ, ಆ 5 ಪದಗಳನ್ನು ಬದಲಿಸಿ 1956ರ ಮಾರ್ಚ್ 1ರಿಂದ ಇಂದಿನ ವರ್ಣಮಾಲೆಯನ್ನು ಜಾರಿಗೆ ತಂದಿತು: ಚಾರ್ಲಿ, ಮೈಕ್, ನವೆಂಬರ್, ಯೂನಿಫಾರ್ಮ್, ಎಕ್ಸ್‌ರೇ. ಫ್ರೆಂಚರು ಕೊನೆಯ ‘ಟಿ’ಯನ್ನು ನುಂಗಿಬಿಡಬಾರದೆಂದು ‘ಜೂಲಿಯೆಟ್’ಗೆ ಎರಡು ‘ಟಿ’ ಕೊಟ್ಟರು. ಅಂಕಿಗಳಿಗೂ ಇದೇ ಉಪಚಾರ: 9 ‘ನೈನರ್’ ಆಯಿತು, 5 ‘ಫೈಫ್’ ಆಯಿತು, ಒಂದು ಇನ್ನೊಂದಾಗಿ ಕೇಳದಿರಲೆಂದು. ನಮ್ಮ ದೇಶದ ನಾಗರಿಕ ವಿಮಾನಗಳ ಮೈಮೇಲೆ ಇಂದಿಗೂ ಇರುವ ‘ವಿಟಿ’ ಎಂಬ ಗುರುತನ್ನು ‘ವಿಕ್ಟರ್ ಟ್ಯಾಂಗೋ’ ಎಂದು ಓದುವುದು ಇದೇ ಪಟ್ಟಿಯಿಂದ.

ಅಕ್ಷರ, ಅಂಕಿ ಇಷ್ಟು ಭದ್ರವಾದರೂ ವಾಕ್ಯದ ಅರ್ಥ ಭದ್ರವಾಗಿರಲಿಲ್ಲ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ 514ನೆಯ ವಿಮಾನ ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ಇನ್ನೂ 44 ನಾಟಿಕಲ್ ಮೈಲಿ ದೂರವಿರುವಾಗಲೇ ‘ಅಪ್ರೋಚ್‌ಗೆ ಅನುಮತಿ’ ಸಿಕ್ಕಿತು. ಈಗಲೇ 1,800 ಅಡಿಗೆ ಇಳಿಯಬಹುದು ಎಂದು ಪೈಲಟ್‌ಗಳು ತಿಳಿದರು. ಎತ್ತರದ ಹೊಣೆ ನಕ್ಷೆ ನೋಡುವ ಪೈಲಟ್‌ನದು ಎಂದು ನಿಯಂತ್ರಕ ತಿಳಿದಿದ್ದ. ಆ ಜಾಗದಲ್ಲಿ 3,400 ಅಡಿಗಿಂತ ಕೆಳಗೆ ಇಳಿಯಬಾರದೆಂದು ನಕ್ಷೆ ತೋರಿಸುತ್ತಿತ್ತು. ಕ್ಯಾಪ್ಟನ್ ಅದನ್ನು ಗಮನಿಸಿ, ಅನುಮತಿ ಕೊಟ್ಟ ಮೇಲೆ ಇಳಿಯಬಹುದೆಂದೇ ಅರ್ಥವಲ್ಲವೇ ಎಂದು ಜತೆಗಾರರೊಡನೆ ಆಡಿದ ಮಾತು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿದೆ. ಗೋಪುರವನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 92 ಜನರೂ ತೀರಿಕೊಂಡರು. ಎದೆ ಒಡೆಯುವ ಸಂಗತಿಯೆಂದರೆ, ಆರು ವಾರದ ಹಿಂದೆ ಇನ್ನೊಂದು ಕಂಪನಿಯ ವಿಮಾನ ಅದೇ ಬೆಟ್ಟದ ಮೇಲೆ ಅದೇ ಅಪಾರ್ಥದಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿತ್ತು, ಉಳಿದವರಿಗೆ ಸುದ್ದಿ ಮುಟ್ಟಿರಲಿಲ್ಲ. ಈ ಸಾವುಗಳ ಬೆನ್ನಿಗೆ 1976ರಲ್ಲಿ ನಾಸಾ ಸಂಸ್ಥೆಯ ಆಶ್ರಯದಲ್ಲಿ ಒಂದು ವ್ಯವಸ್ಥೆ ಹುಟ್ಟಿತು. ಪೈಲಟ್ಟೋ ನಿಯಂತ್ರಕನೋ ತಾನು ಕಂಡ ತಪ್ಪನ್ನು, ತಾನೇ ಮಾಡಿದ ತಪ್ಪನ್ನೂ, ಹೆಸರು ಬಯಲಾಗುವ ಭಯವಿಲ್ಲದೆ ಬರೆದು ಕಳಿಸಬಹುದು. ಹೀಗೆ ಬಂದ ಸಾವಿರಾರು ವರದಿಗಳನ್ನು ಪರಿಶೀಲಿಸಿದವರು 1981ರಲ್ಲಿ ಹೇಳಿದ್ದು: ಶೇ 70ಕ್ಕೂ ಹೆಚ್ಚು ವರದಿಗಳಲ್ಲಿ ಎಡವಟ್ಟು ಆಗಿದ್ದು ಒಬ್ಬರಿಂದ ಇನ್ನೊಬ್ಬರಿಗೆ ವಿಷಯ ದಾಟಿಸುವಲ್ಲಿ.

ಅದೇ 1976ರ ಸೆಪ್ಟೆಂಬರ್ 10ರಂದು ಯುಗೊಸ್ಲಾವಿಯಾದ ಝಾಗ್ರೆಬ್ ನಗರದ ಬಳಿ ಬ್ರಿಟಿಷ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನಕ್ಕೂ ಇನೆಕ್ಸ್ ಆಡ್ರಿಯಾದ ಡಿಸಿ-9ಕ್ಕೂ ಡಿಕ್ಕಿಯಾಗಿ 176 ಜನ ಮಡಿದರು. ಕೈಮೀರಿದ ಕೆಲಸದ ಒತ್ತಡದಲ್ಲಿದ್ದ ನಿಯಂತ್ರಕ ಕೊನೆಯ ಗಳಿಗೆಯಲ್ಲಿ ಅಪಾಯವನ್ನು ಕಂಡ. ಗಾಬರಿಯಲ್ಲಿ ಇಂಗ್ಲಿಷ್ ಬಿಟ್ಟು ತನ್ನ ಹುಟ್ಟುಭಾಷೆಯಲ್ಲಿ ತನ್ನ ನಾಡಿನ ವಿಮಾನಕ್ಕೆ ಕೂಗಿ ಹೇಳಿದ. ಅದನ್ನು ಕೇಳಿಸಿಕೊಂಡಿದ್ದರೂ ಬ್ರಿಟಿಷ್ ಪೈಲಟ್‌ಗಳಿಗೆ ತಿಳಿಯುವಂತಿರಲಿಲ್ಲ. ಆತನನ್ನು ಸೆರೆಮನೆಗೆ ಕಳಿಸಿದರು; ಸಹೋದ್ಯೋಗಿಗಳ ಮೊರೆಯ ಮೇಲೆ ಅವಧಿಗೆ ಮುಂಚೆ ಬಿಡುಗಡೆಯಾಯಿತು. ಪ್ರಾಣಭಯದಲ್ಲಿ ನಾಲಗೆ ತಾಯಿಮಾತಿಗೆ ಮರಳುವುದು ಮನುಷ್ಯಸಹಜ. ಅದನ್ನು ಅಪರಾಧವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇಷ್ಟೆಲ್ಲವೂ ಒಂದು ತಟ್ಟೆಗೆ, 1977ರ ಮಾರ್ಚ್ 27ರ ಭಾನುವಾರ ಇನ್ನೊಂದು ತಟ್ಟೆಗೆ. ಆಫ್ರಿಕದ ವಾಯವ್ಯ ಕರಾವಳಿಯಾಚೆ ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಿವೆ. ಅಲ್ಲಿನ ಗ್ರಾನ್ ಕನಾರಿಯಾ ನಿಲ್ದಾಣದಲ್ಲಿ ಪ್ರತ್ಯೇಕತಾವಾದಿಗಳ ಬಾಂಬು ಸಿಡಿದು, ಇನ್ನೊಂದು ಬಾಂಬಿನ ಬೆದರಿಕೆಯೂ ಬಂದದ್ದರಿಂದ, ಅಲ್ಲಿಗೆ ಬರಬೇಕಿದ್ದ ವಿಮಾನಗಳನ್ನು ಪಕ್ಕದ ಟೆನೆರಿಫ್ ದ್ವೀಪದ ಲಾಸ್ ರೋದೆಯೋಸ್ ಎಂಬ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದರು. ಅದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದ್ದು, ಮೋಡಗಳು ರನ್‌ವೇಯ ಮೇಲೇ ತೇಲಿ ಹೋಗುವ ಜಾಗ. ನೆಲದ ಮೇಲಿನ ವಿಮಾನಗಳನ್ನು ತೋರಿಸುವ ರೇಡಾರ್ ಅಲ್ಲಿರಲಿಲ್ಲ. ವಿಮಾನಗಳು ಕಿಕ್ಕಿರಿದು ನಿಂತಿದ್ದರಿಂದ ಪಕ್ಕದ ಟ್ಯಾಕ್ಸಿ ದಾರಿ ಮುಚ್ಚಿಹೋಗಿ, ಹೊರಡುವ ವಿಮಾನ ರನ್‌ವೇಯ ಮೇಲೇ ನಡೆದು ಇನ್ನೊಂದು ತುದಿಗೆ ಹೋಗಿ ತಿರುಗಿ ನಿಲ್ಲಬೇಕಾಯಿತು.

ನಿಂತಿದ್ದವುಗಳಲ್ಲಿ ಎರಡು ಬೋಯಿಂಗ್ 747. ಒಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ ಕೆಎಲ್ಎಂನ 4805, ಇನ್ನೊಂದು ಅಮೆರಿಕದಿಂದ ಬಂದ ಪ್ಯಾನ್ ಆಮ್‌ನ 1736. ಕೆಎಲ್ಎಂನ ಕ್ಯಾಪ್ಟನ್ ಯಾಕೊಬ್ ಫೆಲ್ಟ್‌ಹೌಸನ್ ಫಾನ್ ಸಾಂಟೆನ್ ಆ ಕಂಪನಿಯ 747 ತರಬೇತಿಯ ಮುಖ್ಯಸ್ಥರು. ಕಂಪನಿಯ ಜಾಹೀರಾತಿನಲ್ಲಿ ಕಾಣುತ್ತಿದ್ದದ್ದು ಅವರದೇ ಮುಖ. ಬಲಗಡೆ ಕೂತಿದ್ದ ಸಹಪೈಲಟ್‌ಗೆ 747 ಹಾರಿಸುವ ಅರ್ಹತೆ ಕೊಟ್ಟವರೂ ಅವರೇ. ತರಬೇತಿಯ ಸಿಮ್ಯುಲೇಟರಿನಲ್ಲಿ ಗೋಪುರದ ಪರವಾಗಿ ಟೇಕಾಫ್ ಅನುಮತಿ ಕೊಡುವವನೂ ಶಿಕ್ಷಕನೇ. ಡಚ್ಚರ ಹೊಸ ಕೆಲಸದ ವೇಳೆಯ ಕಾನೂನು ಬಿಗಿಯಾಗಿತ್ತು. ತಡವಾದರೆ ರಾತ್ರಿ ಅಲ್ಲೇ ಉಳಿಯಬೇಕು.

ಕೆಎಲ್ಎಂ ವಿಮಾನ ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಿತು. ಅದರ ಹಿಂದೆಯೇ ಪ್ಯಾನ್ ಆಮ್ ರನ್‌ವೇಯ ಮೇಲೆ ನಡೆದು ಬರುತ್ತಿತ್ತು. ಎಡಕ್ಕಿರುವ ಮೂರನೆಯ ಹೊರದಾರಿಯಲ್ಲಿ ಬಿಟ್ಟುಹೋಗಿ ಎಂದು ಗೋಪುರ ಹೇಳಿತ್ತು. ಮತ್ತೆ ಕೇಳಿದಾಗ ಒಂದು, ಎರಡು, ಮೂರು ಎಂದು ಎಣಿಸಿಯೂ ಹೇಳಿತ್ತು. ಆ ಮೂರನೆಯದು ಸುಮಾರು 150 ಡಿಗ್ರಿ ಹಿಂತಿರುಗುವ ಕಡು ತಿರುವು. ಅಷ್ಟರಲ್ಲಿ ಮೋಡ ಇಳಿದು ರನ್‌ವೇ ಮಸುಕಾಗಿ, ಪ್ಯಾನ್ ಆಮ್ ಅದನ್ನು ದಾಟಿ ನಾಲ್ಕನೆಯದರ ಕಡೆಗೆ ಸಾಗಿತ್ತು. ಗೋಪುರಕ್ಕೆ ಎರಡೂ ವಿಮಾನ ಕಾಣುತ್ತಿರಲಿಲ್ಲ. ವಿಮಾನಗಳಿಗೂ ಒಂದನ್ನೊಂದು ಕಾಣುತ್ತಿರಲಿಲ್ಲ. ಮೂವರ ನಡುವೆ ಉಳಿದಿದ್ದದ್ದು ಒಂದು ರೇಡಿಯೊ ತರಂಗ ಮಾತ್ರ.

ಸಂಜೆ 5 ಗಂಟೆ ದಾಟಿತ್ತು. ಕೆಎಲ್ಎಂ ಕ್ಯಾಪ್ಟನ್ ಎಂಜಿನಿನ ಶಕ್ತಿ ಏರಿಸಲು ಕೈಹಾಕಿದಾಗ, ಇನ್ನೂ ಅನುಮತಿ ಬಂದಿಲ್ಲವೆಂದು ಸಹಪೈಲಟ್ ತಡೆದ. ಗೊತ್ತು, ಕೇಳು ಎಂದರು ಕ್ಯಾಪ್ಟನ್. ಟೇಕಾಫ್‌ಗೆ ಸಿದ್ಧ, ಅನುಮತಿಗೆ ಕಾಯುತ್ತಿದ್ದೇವೆ ಎಂದು ಸಹಪೈಲಟ್ ಹೇಳಿದ. ಗೋಪುರ ಕೊಟ್ಟದ್ದು ಮಾರ್ಗದ ಅನುಮತಿ: ಹಾರಿದ ಮೇಲೆ ಎಷ್ಟು ಎತ್ತರಕ್ಕೆ ಏರಬೇಕು, ಎತ್ತ ತಿರುಗಬೇಕು ಎಂಬುದು. ಅದರ ನಡುವೆ ‘ಟೇಕಾಫ್ ಆದ ಮೇಲೆ’ ಎಂಬ ಮಾತು ಬಂತು. ಸಹಪೈಲಟ್ ಅದನ್ನು ಮರಳಿ ಓದಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕು ಬಿಟ್ಟರು. ತರಾತುರಿಯಲ್ಲಿ ಸಹಪೈಲಟ್ ಕೊನೆಗೆ ಸೇರಿಸಿದ್ದು, ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂದು ಕೇಳುವ ಒಂದು ಇಂಗ್ಲಿಷ್ ವಾಕ್ಯ. ಡಚ್ ಮಾತಿನ ವಾಕ್ಯರಚನೆ ಇಂಗ್ಲಿಷಿನೊಳಗೆ ನುಸುಳಿದಂತಿತ್ತು ಅದು. ಓಡತೊಡಗಿದ್ದೇವೆ ಎಂಬುದು ಆಡಿದವನ ಅರ್ಥ, ತುದಿಯಲ್ಲಿ ಸಿದ್ಧವಾಗಿ ನಿಂತಿದ್ದೇವೆ ಎಂಬುದು ಕೇಳಿದವನ ಅರ್ಥ. ನಿಯಂತ್ರಕ ‘ಓಕೆ’ ಎಂದ. ಎರಡು ಕ್ಷಣ ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ ಎಂದ. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು, ನಾವಿನ್ನೂ ರನ್‌ವೇಯ ಮೇಲಿದ್ದೇವೆ ಎಂದು ಕೂಗಿದರು. ಒಂದೇ ತರಂಗದಲ್ಲಿ ಎರಡು ದನಿಗಳು ಒಟ್ಟಿಗೆ ಹೊರಟರೆ ಮಾತು ಅಳಿಸಿ ಕೀರಲು ಸದ್ದಾಗುತ್ತದೆ. ಕೆಎಲ್ಎಂ ಕಾಕ್‌ಪಿಟ್ಟಿಗೆ ಸ್ಪಷ್ಟವಾಗಿ ಮುಟ್ಟಿದ್ದು ‘ಓಕೆ’ ಒಂದೇ. ಬದುಕಿಸಬಲ್ಲ ಎರಡೂ ಮಾತುಗಳನ್ನು ಆ ಕೀರಲು ನುಂಗಿತು.

ಆದರೂ ಒಂದು ಅವಕಾಶ ಉಳಿದಿತ್ತು. ರನ್‌ವೇ ತೆರವಾದ ಮೇಲೆ ತಿಳಿಸಿ ಎಂದು ಗೋಪುರ ಪ್ಯಾನ್ ಆಮ್‌ಗೆ ಹೇಳಿದ್ದೂ, ತಿಳಿಸುತ್ತೇವೆ ಎಂದು ಅವರು ಉತ್ತರಿಸಿದ್ದೂ ಕೆಎಲ್ಎಂನಲ್ಲಿ ಕೇಳುವಂತಿತ್ತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ಅದನ್ನು ಗ್ರಹಿಸಿ, ಆ ಪ್ಯಾನ್ ಅಮೆರಿಕನ್ ಇನ್ನೂ ತೆರವು ಮಾಡಿಲ್ಲವೇ ಎಂದು ಕೇಳಿದ. ಮಾಡಿದೆ ಎಂದರು ಕ್ಯಾಪ್ಟನ್, ಒತ್ತಿ. ಆತ ಮತ್ತೆ ಕೇಳಲಿಲ್ಲ. ಸತ್ತವರು 583 ಜನ. ಕೆಎಲ್ಎಂನಲ್ಲಿದ್ದ 248 ಜನರಲ್ಲಿ ಯಾರೂ ಉಳಿಯಲಿಲ್ಲ. ಪ್ಯಾನ್ ಆಮ್‌ನಲ್ಲಿ 61 ಜನ ಉಳಿದರು. ವಿಮಾನಯಾನದ ಅಪಘಾತಗಳಲ್ಲಿ ಇಷ್ಟು ಜೀವ ತೆಗೆದದ್ದು ಇನ್ನೊಂದಿಲ್ಲ. ಎರಡೂ ವಿಮಾನಗಳ ಯಂತ್ರಗಳಲ್ಲಿ ದೋಷವಿರಲಿಲ್ಲ.

ಆ ಬಳಿಕ ನುಡಿಗಟ್ಟು ಬಿಗಿಯಾಯಿತು. ‘ಟೇಕಾಫ್’ ಎಂಬ ಪದವನ್ನು ಟೇಕಾಫ್‌ಗೆ ಅನುಮತಿ ಕೊಡುವಾಗಲೋ ಕೊಟ್ಟದ್ದನ್ನು ರದ್ದು ಮಾಡುವಾಗಲೋ ಮಾತ್ರ ಉಚ್ಚರಿಸಬೇಕು. ಬೇರೆಲ್ಲ ಸಂದರ್ಭದಲ್ಲಿ ‘ಡಿಪಾರ್ಚರ್’ ಎನ್ನಬೇಕು. ಮುಖ್ಯ ಸೂಚನೆಗಳಿಗೆ ‘ಓಕೆ’, ‘ರೋಜರ್’ ಎಂಬ ಉತ್ತರ ಸಲ್ಲದು. ಮಗ್ಗಿ ಒಪ್ಪಿಸುವ ಹುಡುಗನಂತೆ ಪೈಲಟ್ ತಾನು ಕೇಳಿದ್ದನ್ನು ಪೂರ್ತಿ ಮರಳಿ ಹೇಳಬೇಕು, ನಿಯಂತ್ರಕ ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು. ಮೂವತ್ತು ವರ್ಷ ಹಾರಿಸಿದ ಕ್ಯಾಪ್ಟನ್‌ಗೂ ಇದರಿಂದ ವಿನಾಯಿತಿಯಿಲ್ಲ. ಕಾಕ್‌ಪಿಟ್ಟಿನೊಳಗಿನ ಮೌನಕ್ಕೂ ಮದ್ದು ಹುಡುಕಿದರು. 1979ರಲ್ಲಿ ನಾಸಾ ಕರೆದ ಸಭೆಯಿಂದ ಮೊದಲುಗೊಂಡು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಆರಂಭಿಸಿದ ತರಬೇತಿಯಲ್ಲಿ, ಕಿರಿಯನು ಸಂಶಯವನ್ನು ಎರಡನೆಯ ಬಾರಿಯೂ ಬಾಯಿಬಿಟ್ಟು ಹೇಳುವುದನ್ನು, ಹಿರಿಯನು ಅದನ್ನು ಅವಮಾನವೆಂದು ತಿಳಿಯದೆ ಕೇಳುವುದನ್ನು ಪಾಠವಾಗಿ ಕಲಿಸತೊಡಗಿದರು. ಹಿರಿಯರಿಗೆ ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮಗೆ ಈ ಪಾಠದ ತೂಕ ಬೇಗ ತಿಳಿಯುತ್ತದೆ.

ಪದ ಗೊತ್ತಿದ್ದರೂ ಆಡದೆ ಹೋದದ್ದಕ್ಕೆ 1990ರ ಜನವರಿ 25 ಸಾಕ್ಷಿ. ಕೊಲಂಬಿಯಾದ ಅವಿಯಾಂಕಾ ಕಂಪನಿಯ 52ನೆಯ ವಿಮಾನವನ್ನು ಕೆಟ್ಟ ಹವೆಯ ಕಾರಣ ನ್ಯೂಯಾರ್ಕ್‌ಗೆ ಬರುವ ದಾರಿಯಲ್ಲಿ ಒಂದು ಗಂಟೆಗೂ ಮಿಕ್ಕಿ ಸುತ್ತು ಹಾಕಿಸಿ ಕಾಯಿಸಿದರು. ಇಂಧನ ಮುಗಿಯುತ್ತಿದೆ, ಆದ್ಯತೆ ಬೇಕು ಎಂದು ಸಹಪೈಲಟ್ ಹೇಳಿದ. ‘ಎಮರ್ಜೆನ್ಸಿ’ ಎಂದೋ ‘ಮೇಡೇ’ ಎಂದೋ ಹೇಳಲಿಲ್ಲ. ಆ ಸಂಜೆ ಇಂಧನದ ಚಿಂತೆ ಎಲ್ಲ ವಿಮಾನಗಳಿಗೂ ಇದ್ದದ್ದೇ ಎಂದು ನಿಯಂತ್ರಕರು ತಿಳಿದರು. ನಾಲ್ಕು ಎಂಜಿನುಗಳೂ ಆರಿ ವಿಮಾನ ಲಾಂಗ್ ಐಲ್ಯಾಂಡಿನ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಜನ ಹೋದರು.

ಇನ್ನು ನಮ್ಮ ನೆಲದ ಸಂಗತಿ. 1996ರ ನವೆಂಬರ್ 12ರ ಸಂಜೆ 6.40ರ ಸುಮಾರು. ಸೌದಿ ಅರೇಬಿಯಾದ 763ನೆಯ ವಿಮಾನ ದೆಹಲಿಯಿಂದ ಏರುತ್ತಿತ್ತು. ಅದರಲ್ಲಿ 312 ಜನ, ಕೊಲ್ಲಿ ನಾಡಿಗೆ ದುಡಿಯಲು ಹೊರಟ ಭಾರತೀಯರು ಬಹಳ. ಕಜಾಕಿಸ್ತಾನದ 1907ನೆಯ ಇಲ್ಯುಶಿನ್ ವಿಮಾನ 37 ಜನರೊಡನೆ ದೆಹಲಿಗೆ ಇಳಿದು ಬರುತ್ತಿತ್ತು. ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಸೇನೆಯ ವಶದಲ್ಲಿದ್ದು, ಬರುವ ಹೋಗುವ ನಾಗರಿಕ ವಿಮಾನಗಳಿಗೆ ಒಂದೇ ಓಣಿ. ಸೌದಿಯದಕ್ಕೆ 14,000 ಅಡಿ, ಕಜಕ್‌ನದಕ್ಕೆ 15,000 ಅಡಿ ಎಂದು ನಿಯಂತ್ರಕರು ಸರಿಯಾಗಿಯೇ ಹೇಳಿದ್ದರು. ಎದುರಿಗೆ ವಿಮಾನ ಬರುತ್ತಿದೆ, ಅದು 14,000 ಅಡಿಯಲ್ಲಿದೆ ಎಂದೂ ಎಚ್ಚರಿಸಿದರು. ನೋಡುತ್ತಿದ್ದೇವೆ ಎಂಬ ಉತ್ತರ ಬಂತು.

ಆ ಉತ್ತರ ಕೊಟ್ಟವನು ಪೈಲಟ್ ಅಲ್ಲ. ಸೋವಿಯತ್ ಪದ್ಧತಿಯಂತೆ ಗೋಪುರದೊಡನೆ ಮಾತಾಡಲು ರೇಡಿಯೊ ಆಪರೇಟರ್ ಬೇರೆ ಇದ್ದ. ಎತ್ತರ ತೋರಿಸುವ ಉಪಕರಣ ಅವನ ಮುಂದೆ ಇರಲಿಲ್ಲ; ಪೈಲಟ್‌ಗಳ ಭುಜದ ಮೇಲಿಂದ ಬಗ್ಗಿ ನೋಡಬೇಕು. ಇಂಗ್ಲಿಷ್ ಕೇಳಿದವನು ಒಬ್ಬ, ವಿಮಾನ ಹಾರಿಸುತ್ತಿದ್ದವರು ಬೇರೆ. ವಿಮಾನ 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿಯುತ್ತ ಹೋಯಿತು. ಕೊನೆಗೆ ಎತ್ತರ ತಪ್ಪಿದ್ದನ್ನು ರೇಡಿಯೊ ಆಪರೇಟರ್ ಗಮನಿಸಿ ಪೈಲಟ್‌ಗೆ ಹೇಳಿದ, ವಿಮಾನ ಮೇಲಕ್ಕೆತ್ತಿದರು, ಆ ಏರಿಕೆಯಲ್ಲೇ ಸೌದಿ ವಿಮಾನಕ್ಕೆ ತಗುಲಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ವಿಮಾನಗಳು ಉರಿದು ಬಿದ್ದವು. ಆ ವೇಳೆಗೆ ಸಮೀಪದಲ್ಲಿ ಹಾರುತ್ತಿದ್ದ ಅಮೆರಿಕ ವಾಯುಸೇನೆಯ ಪೈಲಟ್‌ಗೆ ಕಂಡದ್ದು ಕಿತ್ತಳೆ ಬಣ್ಣಕ್ಕೆ ತಿರುಗಿದ ಒಂದು ಮೋಡ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಡುಗಗನದ ಡಿಕ್ಕಿಗಳಲ್ಲಿ ಇದಕ್ಕಿಂತ ಘೋರವಾದದ್ದು ಲೋಕದಲ್ಲೇ ಆಗಿಲ್ಲ.

ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಮೇಶ್ ಚಂದ್ರ ಲಾಹೋಟಿಯವರ ವಿಚಾರಣೆಯಲ್ಲಿ ಕಜಕ್ ವಿಮಾನ ತನಗೆ ಕೊಟ್ಟ ಎತ್ತರವನ್ನು ಬಿಟ್ಟು ಇಳಿದದ್ದೇ ಕಾರಣವೆಂದು ಹೊರಬಿತ್ತು. ಬರುವ ಹೋಗುವ ದಾರಿಗಳನ್ನು ಬೇರೆ ಮಾಡಿದರು. ಡಿಕ್ಕಿ ತಪ್ಪಿಸುವ ಉಪಕರಣ ಭಾರತದ ಆಕಾಶದಲ್ಲಿ ಕಡ್ಡಾಯವಾಯಿತು. ಭಾಷೆಯ ಪ್ರಶ್ನೆ ಮಾಂಟ್ರಿಯಲ್‌ಗೆ ಹೋಯಿತು. 1998ರಲ್ಲಿ ಐಕಾವೊದ ಮಹಾಸಭೆ ಆ ಬಗ್ಗೆ ನಿರ್ಣಯ ಮಾಡಿ, 2003ರಲ್ಲಿ ನಿಯಮ ಬಂತು. ಅಂತರರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ನಿಯಂತ್ರಕರೂ ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ಸರಾಗತೆ, ಗ್ರಹಿಕೆ, ಮಾತುಕತೆ ಎಂಬ ಆರರಲ್ಲಿ ಪರೀಕ್ಷೆಗೆ ಕೂರಬೇಕು. ಆರು ಮಟ್ಟಗಳಲ್ಲಿ ನಾಲ್ಕನೆಯದು ಮುಟ್ಟಬೇಕು. ಆರರಲ್ಲಿ ಯಾವುದು ತೀರ ಕೆಳಗಿದೆಯೋ ಅದೇ ಒಟ್ಟು ಮಟ್ಟ. ಸರಾಗವಾಗಿ ಮಾತಾಡುವವನು ಕೇಳಿ ಗ್ರಹಿಸಲಾರದೆ ಹೋದರೆ ಆ ಸರಾಗ ಮಾತಿಗೆ ಬೆಲೆಯಿಲ್ಲ. 2008ರ ಮಾರ್ಚ್ ಗಡುವಾಗಿತ್ತು, ಅನೇಕ ದೇಶಗಳು ಸಿದ್ಧವಾಗದೆ 2011ರವರೆಗೆ ಅವಕಾಶ ಪಡೆದವು. ಈ ನಿಯಮದ ಜೊತೆಗೆ ಐಕಾವೊ ಹೊರಡಿಸಿದ ಕೈಪಿಡಿ ಇಂಗ್ಲಿಷನ್ನೇ ಹುಟ್ಟುಮಾತಾಗಿ ಪಡೆದವರ ಮೇಲೂ ಹೊಣೆ ಹೊರಿಸಿತು: ಊರಮಾತಿನ ನುಡಿಗಟ್ಟು ಬಿಟ್ಟು, ವೇಗ ತಗ್ಗಿಸಿ, ಎದುರಿನವನು ದೂರದ ನಾಡಿನವನೆಂದು ನೆನೆದು ಮಾತಾಡಬೇಕು. ಇಂಗ್ಲಿಷನ್ನು ಶಾಲೆಯಲ್ಲಿ ಕಷ್ಟಪಟ್ಟು ಕಲಿತ ನಾಡುಗಳು ಬಹುಕಾಲ ಒಂಟಿಯಾಗಿ ಹೊತ್ತ ಭಾರವದು. ಅರ್ಧವಾದರೂ ಅತ್ತ ಹಂಚಿಹೋದದ್ದು ನ್ಯಾಯವೇ ಆಯಿತು.